ಠರಾವು ಬುಕ್ ನಿಮ್ಮ ಕೈಯಾಗಿರ್ಲಿ: ನಮ್ಮ ಕಡಿ ಸರ್ಕಾರಿ ಸಾಲಿ ಎಸ್‌ಡಿಎಂಸಿ ನಡೆಸೋದು ಹ್ಯಾಂಗ

ನಾ ಎಸ್‌ಡಿಎಂಸಿ, ಅಂದ್ರ ನಮ್ಮೂರ ಸರ್ಕಾರಿ ಸಾಲಿ ನೋಡ್ಕೊಳ್ಳೋ ಪಾಲಕರ ಸಮಿತಿ, ಅದರ ಮೆಂಬರ್ ಆಗಿದ್ದು ನನಗೇ ಗೊತ್ತಿರಲಿಲ್ರಿ. ತೊಗರಿ ರಾಶಿ ನಡೆದಿತ್ತು, ಮೈಯೆಲ್ಲ ಹೊಟ್ಟು, ಸಾಲಿ ಹುಡುಗ ಒಬ್ಬ ಒಂದು ದೊಡ್ಡ ಬುಕ್ ಬಗಲಾಗ ಹಿಡ್ಕೊಂಡು ಓಡಿ ಬಂದು "ಮಾಮಾ, ಇಲ್ಲಿ ಸಹಿ ಮಾಡ್ಬೇಕಂತ ನೋಡ್ರಿ, ಸರ್ ಕಳ್ಸ್ಯಾರ" ಅಂದ. ಏನಪ ಇದು ಅಂತ ತೆಗ್ದು ನೋಡಿದ್ರ ಠರಾವು ಬುಕ್, ಸಭಿ ನಡಾವಳಿ, ನಿರ್ಣಯ ಬರ್ದಿಡೋದು. ಸಭಿ ಆಗಿ ಹನ್ನೊಂದು ದಿನ ಆಗಿತ್ತಂತ, ನಾನೂ ಹಾಜರಿದ್ನಂತ, ಸುಣ್ಣ-ಬಣ್ಣದ ಖರ್ಚಿಗೆ ಅನುಮೋದನೆ ಬ್ಯಾರೆ ನಾನೇ ಕೊಟ್ಟಿದ್ನಂತ. ಸಹಿ ಮಾಡಿ ಕಳ್ಸಿದೆ, ಸುಳ್ಳ್ಯಾಕ ಹೇಳ್ಲಿ.

ಆಮ್ಯಾಲ ಮೂರು ವರ್ಷ ಮೆಂಬರಾಗಿ, ಇನ್ನೊಂದು ಮೂರು ವರ್ಷ ಅಧ್ಯಕ್ಷನಾಗಿ ಅದೇ ಬುಕ್ಕಿನ ಬೆನ್ನ ಹತ್ತಿ ತಿರುಗಿದೆ. ಕಲಬುರಗಿಯಿಂದ ಬಸ್ಸಿಗೆ ಒಂದು ತಾಸಿನ ಊರು ನಮ್ದು, ಒಂದರಿಂದ ಏಳರ ತನಕ ಸಾಲಿ, ಊರ ಹೆಸರು ಬ್ಯಾಡ ಬಿಡ್ರಿ. ಮೇ ತಿಂಗಳಾಗ ಎಸ್ಸೆಸ್ಸೆಲ್ಸಿ ರಿಸಲ್ಟ್ ಬರ್ತದ, 2024ರಾಗ ಯಾದಗಿರಿ 50.59 ಪರ್ಸೆಂಟ್ ತಗೊಂಡು ರಾಜ್ಯದಾಗ ಕಟ್ಟಕಡಿಗೆ, 2025ರಾಗ ನಮ್ಮ ಕಲಬುರಗಿ 42.43 ತಗೊಂಡು ಕಟ್ಟಕಡಿಗೆ, ಅದೇ ವರ್ಷ ದಕ್ಷಿಣ ಕನ್ನಡದಾಗ 91ರ ಮ್ಯಾಲ. ವಾಟ್ಸಾಪಿನಾಗ ಎಲ್ಲರೂ ಸರ್ಕಾರಕ್ಕ ಬಯ್ತಾರ, ಮಾಸ್ತರಿಗೆ ಬಯ್ತಾರ, ಎರಡು ದಿನಕ್ಕ ಮರೀತಾರ. ನಾನೂ ಬಯ್ದೀನಿ. ಆದ್ರ ಹತ್ತನೇ ಕ್ಲಾಸಿನಾಗ ಗಣಿತ ಪೇಪರ್ ಖಾಲಿ ಬಿಟ್ಟು ಬಂದ ಹುಡುಗ ನಾಲ್ಕನೇತ್ತದಾಗಿದ್ದಾಗ ಅವ್ನಿಗೆ ಭಾಗಾಕಾರ ಹೇಳಿಕೊಡ್ಲಿಕ್ಕೆ ಮಾಸ್ತರೇ ಇರಲಿಲ್ಲ, ಅದನ್ನ ಯಾರೂ ಕೇಳಂಗಿಲ್ಲ. ಆ ಮಾಸ್ತರನ್ನ ತರ್ಸೋ ವಿಷಯದಾಗ ತಂದಿ-ತಾಯಿಗೆ ಕಾನೂನು ಒಂದಿಷ್ಟು ಅಧಿಕಾರ ಕೊಟ್ಟದರಿ, ಬಾಯಿಲೆ ಹೇಳಿದ್ರ ಅದು ನಡಿಯಂಗಿಲ್ಲ, ಬುಕ್ಕಿನಾಗ ಬರ್ದು, ಆಫೀಸಿಗೆ ಒಯ್ದು, ಸೀಲ್ ಹಾಕಿಸ್ಕೊಂಡಾಗ ನಡೀತದ. ಅದು ಹ್ಯಾಂಗಂತ ನನಗ ತಿಳಿದಷ್ಟು ಬರೀತೀನಿ.

ಪೈಲಾ ಈ ಸಮಿತಿ ಅಂದ್ರ ಏನಂತ ತಿಳ್ಕೋರಿ. ಪೂರ್ತಿ ಹೆಸರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಕರ್ನಾಟಕದಾಗ ಇದು ಚಾಲೂ ಆಗಿದ್ದು 2001ರಾಗ, ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆ ಹೇಳಿದ ಮ್ಯಾಲ. ಆಮ್ಯಾಲ ಶಿಕ್ಷಣ ಹಕ್ಕು ಕಾಯ್ದೆ 2009 ಬಂತು, 2010ರ ಏಪ್ರಿಲ್ 1ಕ್ಕ ಜಾರಿ ಆತು, ಅದರ 21ನೇ ಸೆಕ್ಷನ್ ಪ್ರಕಾರ ಸಮಿತಿಯಾಗ ನಾಲ್ಕರಾಗ ಮೂರು ಪಾಲು ಮಂದಿ ಆ ಸಾಲಿಯಾಗ ಓದೋ ಮಕ್ಕಳ ತಂದಿ-ತಾಯೇ ಇರ್ಬೇಕು, ಅರ್ಧ ಹೆಣ್ಮಕ್ಕಳಿರ್ಬೇಕು. ಅಧ್ಯಕ್ಷರು ಪಾಲಕರೊಳಗಿಂದ, ಹೆಡ್ ಮಾಸ್ತರ್ ಕಾರ್ಯದರ್ಶಿ, ಬ್ಯಾಂಕ್ ಖಾತೆ ಇಬ್ಬರ ಹೆಸರಿನಾಗ ಜಂಟಿ. ಅಂದ್ರ ನಿಮ್ಮ ಸಹಿ ಇಲ್ಲದ ಆ ಖಾತೆಯಿಂದ ಒಂದು ರೂಪಾಯಿನೂ ಹೊರಗ ಬರಂಗಿಲ್ಲ. ಇದು ಗೊತ್ತಾದ ದಿನ ನಾ ಕುಂತಲ್ಲೇ ಎದ್ದು ನಿಂತೆ ನೋಡ್ರಿ.

ಚುನಾವಣಿ ಬಗ್ಗೆ ಭಾಳ ಹೇಳಂಗಿಲ್ಲ. ಮೂರು ವರ್ಷಕ್ಕೊಮ್ಮೆ ಪಾಲಕರ ಸಭಿ ಕರೀತಾರ, ಅಲ್ಲಿ ಆರಿಸ್ತಾರ. ನಮ್ಮ ಕಡಿ ಆಗೋದೇನಂದ್ರ ಯಾವ ಪಾರ್ಟಿ ಮಂದಿ ಯಾರು ಅಂತ ಗುಡಿ ಕಟ್ಟಿ ಮ್ಯಾಲ ಮೊದ್ಲೇ ಠರಾಯಿಸಿರ್ತಾರ, ಸಾಲಿಯಾಗ ಬರೀ ಚಾ ಕುಡಿಯೋದು. ಅದನ್ನ ಪೂರಾ ನಿಲ್ಲಿಸ್ಲಿಕ್ಕೆ ನಮ್ ಕೈಲೆ ಆಗಂಗಿಲ್ಲ, ಖರೇ ಹೇಳ್ತೀನಿ. ಆದ್ರ ಹೆಣ್ಮಕ್ಕಳ ಸೀಟಿನಾಗ ಮಾತಾಡೋ ಹೆಣ್ಮಕ್ಕಳನ್ನ ಕೂಡ್ಸ್ರಿ. ಗಂಡನ ಬದ್ಲಿ ಹೆಂಡ್ತಿ ಹೆಸರು, ಹೆಂಡ್ತಿ ಬದ್ಲಿ ಗಂಡ ಸಭಿಗೆ, ಈ ಆಟ ಬ್ಯಾಡ. ನಮ್ಮ ಉಪಾಧ್ಯಕ್ಷಿ ತಾಂಡಾದಾಕಿ, ಸಹಿ ಬರಂಗಿಲ್ಲ, ಹೆಬ್ಬಟ್ಟು ಒತ್ತತಾಳ, ಆದ್ರ ತಾಂಡಾದ ಯಾವ ಮನಿಯ ಯಾವ ಹುಡುಗಿ ಎಷ್ಟು ದಿನದಿಂದ ಸಾಲಿಗೆ ಬಂದಿಲ್ಲ ಅಂತ ಹಾಜರಿ ಪುಸ್ತಕಕ್ಕಿಂತ ಆಕೀಗೇ ಚಲೋ ಗೊತ್ತು.

ಸಭಿ ತಿಂಗಳಿಗೊಮ್ಮೆ ಕಡ್ಡಾಯ ಅಂತ ತಿಳ್ಕೋರಿ. ದಿನ ಯಾವ್ದು ಇಡ್ಬೇಕು ಅನ್ನೋದ್ರಾಗೇ ಅರ್ಧ ಕೆಲಸ ಅದ. ಹೆಡ್ ಮಾಸ್ತರ್ ಅನುಕೂಲಕ್ಕ ನಡುವಾರ ಮುಂಜಾನಿ ಹನ್ನೊಂದಕ್ಕ ಇಟ್ರ ಹೊಲಕ್ಕ ಹೋದ ಮಂದಿ ಎಲ್ಲಿಂದ ಬರ್ತಾರ? ನಾವು ಸೋಮವಾರ ಇಟ್ವಿ, ನಮ್ಮ ಕಡಿ ಸೋಮವಾರ ಎತ್ತು ಹೂಡಂಗಿಲ್ಲಲ್ಲ, ಇಲ್ಲಾಂದ್ರ ಅಮಾಸಿ ದಿನ. ಮಂದಿ ತಾನೇ ಬಂದ್ರು. ಸಭಿಯಾಗ ಕುಂತಲ್ಲೇ ನಡಾವಳಿ ಬರ್ಸ್ರಿ, ಬರ್ದಿದ್ದನ್ನ ಒಬ್ಬರು ಜೋರಾಗಿ ಓದ್ಲಿ, ಆಮ್ಯಾಲ ಸಹಿ. ಕೊನಿ ಸಹಿ ತೆಳಗ ಒಂದು ಗೆರೆ ಎಳೀರಿ, ಖಾಲಿ ಜಾಗ ಬಿಟ್ರ ಆಮ್ಯಾಲ ಅಲ್ಲಿ ಏನು ಬೇಕಾದ್ದು ಬೆಳೀತದ. ಮತ್ತ ಆ ಪುಟದ ಫೋಟೋ ನಿಮ್ಮ ಮೊಬೈಲಿನಾಗ ತಕ್ಕೊಂಡು ಪಾಲಕರ ಗ್ರೂಪಿಗೆ ಹಾಕ್ರಿ, ನಡಾವಳಿ ಎಲ್ಲರಿಗೂ ನೋಡ್ಲಿಕ್ಕೆ ಸಿಗ್ಬೇಕಂತ ನಿಯಮಾನೇ ಅದ.

ಈಗ ಮುಖ್ಯ ಮಾತಿಗೆ ಬರ್ತೀನಿ, ಮಾಸ್ತರ ಲೆಕ್ಕ.

"ನಮ್ಮ ಸಾಲಿಗೆ ಮಾಸ್ತರ್ ಕಡಿಮಿ ಅವ್ರಿ ಸಾಹೇಬ್ರ" ಅಂತ ಬಿಇಒ, ಅಂದ್ರ ಕ್ಷೇತ್ರ ಶಿಕ್ಷಣಾಧಿಕಾರಿ, ಅವ್ರ ಆಫೀಸಿಗೆ ಹೋಗಿ ನಿಂತ್ರ "ಎಲ್ಲಾ ಕಡಿನೂ ಕಡಿಮಿ ಅವಪ, ಮ್ಯಾಲಿಂದ ಕೊಟ್ರ ಕೊಡ್ತೀವಿ" ಅಂತಾರ, ಅವ್ರು ಹೇಳೋದೂ ಸುಳ್ಳಲ್ಲ. ಅದಕ್ಕ ಕಡಿಮಿ ಅನ್ನೋ ಶಬ್ದ ಬಿಡ್ರಿ, ಅಂಕಿ ಹಿಡೀರಿ. ಶಿಕ್ಷಣ ಹಕ್ಕು ಕಾಯ್ದೆ ಕೊನಿಗೆ ಒಂದು ಅನುಸೂಚಿ ಅದ, ಸಣ್ಣದು, ಅದನ್ನ ಜೆರಾಕ್ಸ್ ಮಾಡಿ ಇಟ್ಕೋರಿ. ಒಂದರಿಂದ ಐದರ ತನಕ 60 ಮಕ್ಕಳಿದ್ರ ಇಬ್ಬರು ಮಾಸ್ತರ್, 61ರಿಂದ 90 ಇದ್ರ ಮೂವರು, 91ರಿಂದ 120 ಇದ್ರ ನಾಲ್ಕು, 121ರಿಂದ 200 ಇದ್ರ ಐದು, 150 ದಾಟಿದ್ರ ಆ ಐದರ ಮ್ಯಾಲ ಒಬ್ಬರು ಹೆಡ್ ಮಾಸ್ತರ್. ಆರರಿಂದ ಎಂಟರ ತನಕ ಲೆಕ್ಕ ಬ್ಯಾರೆ, 35 ಮಕ್ಕಳಿಗೆ ಒಬ್ಬರು, ಕ್ಲಾಸಿಗೆ ಒಬ್ಬರಾದ್ರೂ ಇರ್ಬೇಕು, ಮತ್ತ ಮಕ್ಕಳು ಎಷ್ಟೇ ಕಡಿಮಿ ಇರ್ಲಿ ವಿಜ್ಞಾನ-ಗಣಿತಕ್ಕ ಒಬ್ಬರು, ಸಮಾಜಕ್ಕ ಒಬ್ಬರು, ಭಾಷೆಗೆ ಒಬ್ಬರು ಇರ್ಲೇಬೇಕು.

ನಮ್ಮ ಸಾಲಿಯಾಗ ಒಂದರಿಂದ ಐದು 118 ಮಕ್ಕಳು, ಆರು-ಏಳು ಕೂಡಿ 61. ಹಂಗಂದ್ರ ಕೆಳಗಿನ ಕ್ಲಾಸಿಗೆ ನಾಲ್ಕು, ಮ್ಯಾಲಿನ ಕ್ಲಾಸಿಗೆ ಮೂರು, ಒಟ್ಟು ಏಳು. ಇದ್ದವ್ರು ನಾಲ್ಕು ಮಂದಿ, ಆದ್ರ ಹಾಜರಿ ಪುಸ್ತಕದಾಗ ಐದು. ಆ ಐದನೇ ಹೆಸರಿನ ಕಥಿ ಹೇಳ್ತೀನಿ ತಡೀರಿ.

ಐದನೇದವ್ರು ಗಣಿತ-ವಿಜ್ಞಾನದ ಮಾಸ್ತರ್. ಅವ್ರ ಪಗಾರ ನಮ್ಮ ಸಾಲಿ ಹುದ್ದೆ ಮ್ಯಾಲ ಬರ್ತಿತ್ತು, ಅವ್ರು ಕೆಲಸ ಮಾಡ್ತಿದ್ದದ್ದು ತಾಲೂಕಿನ ಒಂದು ಆಫೀಸಿನಾಗ ಕಂಪ್ಯೂಟರ್ ಮುಂದ. ಇದಕ್ಕ ನಿಯೋಜನೆ ಅಂತಾರ. ಎರಡು ವರ್ಷ ನಮಗ ಗೊತ್ತೇ ಆಗ್ಲಿಲ್ಲ. ಇದರಾಗ ದೊಡ್ಡ ನುಕ್ಸಾನ್ ಎಲ್ಲದಂದ್ರ, ಕಾಗದದ ಮ್ಯಾಲ ಆ ಹುದ್ದೆ ತುಂಬಿದಂಗ ಇರ್ತದ, ಹುದ್ದೆ ಖಾಲಿ ಇಲ್ಲಾಂದ್ರ ಅತಿಥಿ ಶಿಕ್ಷಕರನ್ನೂ ಕೊಡಂಗಿಲ್ಲ, ಅಂದ್ರ ಮಾಸ್ತರೂ ಇಲ್ಲ, ಮಾಸ್ತರ ಬದ್ಲಿ ಬರೋರೂ ಇಲ್ಲ. ಊರಾಗ ಬಿಎಡ್ ಮಾಡಿ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾದ ಇಬ್ಬರು ಹುಡುಗ್ರು ಕೆಲಸ ಇಲ್ಲದ ಮನ್ಯಾಗ ಕುಂತಿದ್ರು.

ಇದಕ್ಕ ಮಾಡಬೇಕಾದ್ದು ಹಿಂಗ. ಮೊದಲು ಹೆಡ್ ಮಾಸ್ತರನ್ನ ಕೇಳ್ರಿ, ಮಂಜೂರಾದ ಹುದ್ದೆ ಎಷ್ಟು, ಕೆಲಸ ಮಾಡೋರು ಎಷ್ಟು, ನಿಯೋಜನೆ ಮ್ಯಾಲ ಹೋದವ್ರು ಎಷ್ಟು. ಈ ಮೂರು ಅಂಕಿ ಬ್ಯಾರೆ ಬ್ಯಾರೆ, ಎರಡೇ ಹೇಳಿ ಮುಗಿಸಿದ್ರ ಮೂರನೇದೂ ಕೇಳ್ರಿ. ಬಹಳಷ್ಟು ಹೆಡ್ ಮಾಸ್ತರು ಖುಷಿಲೇ ಹೇಳ್ತಾರ, ಯಾಕಂದ್ರ ಅವ್ರಿಗೂ ಮಾಸ್ತರ್ ಬೇಕೇ ಆಗಿರ್ತದ, ಮ್ಯಾಲಿನವ್ರಿಗೆ ಬರೀಲಿಕ್ಕೆ ಅಂಜಿಕಿ ಅಷ್ಟೇ. ನೀವು ಬರದ್ರ ಅವ್ರ ತಲಿ ಮ್ಯಾಲಿನ ಭಾರ ಇಳೀತದ. ಹೇಳಲಿಲ್ಲಾಂದ್ರ ಮಾಹಿತಿ ಹಕ್ಕಿನಾಗ ಕೇಳ್ರಿ, ಅದರ ಮಾತು ಮುಂದ ಬರ್ತದ.

ಆಮ್ಯಾಲ ಠರಾವು. ನಾವು ಬರ್ಸಿದ್ದು ಸುಮಾರು ಹಿಂಗಿತ್ತು, ಬೇಕಾದ್ರ ಹಂಗೇ ನಕಲ ಮಾಡ್ರಿ, ಅಂಕಿ ಮಾತ್ರ ನಿಮ್ದು ಹಾಕ್ರಿ: "ಈ ದಿನದ ಸಭೆಯಲ್ಲಿ ಚರ್ಚಿಸಲಾಗಿ, ನಮ್ಮ ಶಾಲೆಯಲ್ಲಿ 1ರಿಂದ 5ನೇ ತರಗತಿಗೆ 118 ಹಾಗೂ 6 ಮತ್ತು 7ನೇ ತರಗತಿಗೆ 61 ಮಕ್ಕಳು ದಾಖಲಾಗಿರುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯಂತೆ 7 ಶಿಕ್ಷಕರು ಇರಬೇಕಾಗಿದ್ದು, ವಾಸ್ತವವಾಗಿ 4 ಜನ ಮಾತ್ರ ಪಾಠ ಮಾಡುತ್ತಿದ್ದಾರೆ. ಒಬ್ಬ ಶಿಕ್ಷಕರು ಬೋಧಕೇತರ ಕೆಲಸಕ್ಕೆ ನಿಯೋಜನೆಗೊಂಡಿದ್ದು, ಇದು ಕಾಯ್ದೆಯ ಸೆಕ್ಷನ್ 27ಕ್ಕೆ ವಿರುದ್ಧವಾಗಿರುವುದರಿಂದ ನಿಯೋಜನೆ ರದ್ದುಪಡಿಸಿ ಮೂಲ ಶಾಲೆಗೆ ಕಳುಹಿಸಬೇಕೆಂದೂ, ಖಾಲಿ ಹುದ್ದೆಗಳಿಗೆ ಅತಿಥಿ ಶಿಕ್ಷಕರನ್ನು ಮಂಜೂರು ಮಾಡಬೇಕೆಂದೂ ಸರ್ವಾನುಮತದಿಂದ ನಿರ್ಣಯಿಸಲಾಯಿತು." ಈ ಸರ್ಕಾರಿ ಕನ್ನಡ ನನಗೂ ಬರ್ತಿರಲಿಲ್ರಿ, ಊರಾಗಿನ ಒಬ್ಬರು ರಿಟೈರ್ಡ್ ಗ್ರಾಮಲೆಕ್ಕಿಗರ ಹತ್ರ ಕುಂತು ಬರ್ಸಿದೆ. ನಿಮ್ಮೂರಾಗೂ ಅಂಥವ್ರು ಒಬ್ಬರು ಇರ್ತಾರ, ಅವ್ರಿಗೂ ಹೊತ್ತು ಹೋಗಬೇಕಾಗಿರ್ತದ.

ಸೆಕ್ಷನ್ 27 ಹೇಳೋದಿಷ್ಟು, ಮಾಸ್ತರನ್ನ ಹತ್ತು ವರ್ಷಕ್ಕೊಮ್ಮೆ ಬರೋ ಜನಗಣತಿ, ಚುನಾವಣಿ, ವಿಪತ್ತು ಪರಿಹಾರ ಈ ಮೂರು ಬಿಟ್ಟು ಬ್ಯಾರೆ ಕೆಲಸಕ್ಕ ಹಚ್ಚಬಾರ್ದು. ಅದರ ಹಿಂದಿನ 26ನೇದು ಮಂಜೂರಾದ ಹುದ್ದಿಯಾಗ ಖಾಲಿ ಹತ್ತು ಪರ್ಸೆಂಟ್ ದಾಟಬಾರ್ದು ಅಂತದ, ಅದನ್ನ ಓದಿದ್ರ ನಮ್ಮ ಕಡಿ ಮಂದಿ ನಗ್ತಾರ. ನಗಲಿ, ಅರ್ಜಿಯಾಗ ಬರೀರಿ. ಅಂದಂಗ 2025ರ ದಸರಾ ರಜೆ ನೆನಪದ ಏನು, ಮಾಸ್ತರನ್ನ ಮನಿ ಮನಿ ಸಮೀಕ್ಷೆಗೆ ಹಚ್ಚಿದ್ದ ಸಲುವಾಗಿ ಅಕ್ಟೋಬರ್ 18ರ ತನಕ ಎಳೆದ್ರು. ಸಮೀಕ್ಷೆ ಬೇಕೋ ಬ್ಯಾಡೋ ಅನ್ನೋ ಜಗಳ ನನಗ ಬ್ಯಾಡ, ಆದ್ರ ಒಂದರಿಂದ ಐದರ ತನಕ ವರ್ಷಕ್ಕ 200 ದಿನ, ಆರರಿಂದ ಎಂಟಕ್ಕ 220 ದಿನ ಪಾಠ ನಡೀಬೇಕಂತ ಅದೇ ಅನುಸೂಚಿ ಹೇಳ್ತದ, ಆ ದಿನ ಹ್ಯಾಂಗ ತುಂಬಿಕೊಡ್ತೀರಿ ಅಂತ ಸಭಿಯಾಗ ಕೇಳೋದು ನಮ್ಮ ಕೆಲಸ. ನಾ ಕೇಳಿದೆ, ಶನಿವಾರ ಮಧ್ಯಾಹ್ನ ಕ್ಲಾಸ್ ಇಟ್ರು, ಹುಡುಗ್ರು ಒಂದು ತಿಂಗಳು ನನ್ನ ಕಂಡ್ರ ಮಾರಿ ತಿರುವತಿದ್ರು.

ಠರಾವಿನ ನಕಲು, ಅದರ ಮ್ಯಾಲ ಒಂದು ಅರ್ಜಿ, ಎರಡೂ ಬಿಇಒ ಆಫೀಸಿನ ಟಪಾಲ್ ಸೆಕ್ಷನ್ನಿಗೆ ಕೊಡ್ರಿ. ಇಲ್ಲೇ ಮಂದಿ ತಪ್ಪು ಮಾಡೋದು, ಸೀದಾ ಸಾಹೇಬ್ರ ಚೇಂಬರಿಗೆ ಹೋಗಿ ಅವ್ರ ಕೈಯಾಗ ಕೊಟ್ಟು, ನಮಸ್ಕಾರ ಮಾಡಿ, ಫೋಟೋ ತಕ್ಕೊಂಡು ಬರ್ತಾರ. ಆ ಕಾಗದ ಎಲ್ಲಿ ಹೋತಂತ ದೇವರಿಗೂ ಗೊತ್ತಾಗಂಗಿಲ್ಲ. ಟಪಾಲಿನಾಗ ಕೊಟ್ರ ಇನ್ವರ್ಡ್ ನಂಬರ್ ಬೀಳ್ತದ, ನಿಮ್ಮ ಇನ್ನೊಂದು ಪ್ರತಿ ಮ್ಯಾಲ ಸೀಲ್, ತಾರೀಖು, ಸಹಿ ಹಾಕಿಸ್ಕೋರಿ. "ಆಮ್ಯಾಲ ಬರ್ರಿ, ಕ್ಲರ್ಕ್ ಊಟಕ್ಕ ಹೋಗ್ಯಾರ" ಅಂತಾರ, ಕುಂದರ್ರಿ, ಊಟ ಮಾಡಿ ಬರ್ತಾರಲ್ಲ. ನಾ ಒಮ್ಮೆ ಎರಡೂವರಿ ತಾಸು ಕುಂತೀನಿ, ಊರಿನ ಕೊನಿ ಬಸ್ಸು ಹೋತು, ಜೀಪಿಗೆ ಜೋತಾಡ್ಕೊಂಡು ಬಂದೆ, ಆದ್ರ ಸೀಲ್ ಬಿಟ್ಟು ಬರಲಿಲ್ಲ. ಒಂದು ಪ್ರತಿ ಡಿಡಿಪಿಐಗೆ (ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು), ಒಂದು ಜಿಲ್ಲಾ ಪಂಚಾಯತ್ ಸಿಇಒಗೆ ಸ್ಪೀಡ್ ಪೋಸ್ಟ್ ಮಾಡ್ರಿ, ಮೊದ್ಲಿನ ರಿಜಿಸ್ಟರ್ ಪೋಸ್ಟ್ 2025ರಾಗ ಅದರಾಗೇ ಕೂಡಿಸ್ಯಾರ, ಪೋಸ್ಟಿನ ಚೀಟಿ ಫೈಲಿಗೆ ಅಂಟಿಸ್ರಿ. ಕಾಯ್ದೆ ಸೆಕ್ಷನ್ 32ರ ಪ್ರಕಾರ ಮಗುವಿನ ಹಕ್ಕಿನ ಬಗ್ಗೆ ಲಿಖಿತ ದೂರು ಕೊಟ್ರ ಸ್ಥಳೀಯ ಪ್ರಾಧಿಕಾರ ನಿಮ್ಮ ಮಾತೂ ಕೇಳಿ ಮೂರು ತಿಂಗಳೊಳಗ ತೀರ್ಮಾನ ಹೇಳ್ಬೇಕು, ಹೇಳಲಿಲ್ಲಾಂದ್ರ ಇಲ್ಲಾ ಹೇಳಿದ್ದು ಸಮ ಅನಸಲಿಲ್ಲಾಂದ್ರ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕ ಹೋಗಬಹುದು. ಆ ಮೂರು ತಿಂಗಳು ಎಣಸೋದು ಸೀಲಿನ ಮ್ಯಾಲಿನ ತಾರೀಖಿನಿಂದ, ಅದಕ್ಕ ಸೀಲಿಗೆ ಅಷ್ಟು ಗಂಟು ಬೀಳೋದು.

ಮಾಹಿತಿ ಹಕ್ಕಿನ ಅರ್ಜಿ ದೊಡ್ಡ ವಿದ್ಯೆ ಏನಲ್ಲ. ಬಿಳಿ ಹಾಳಿ, 10 ರೂಪಾಯಿ ಪೋಸ್ಟಲ್ ಆರ್ಡರ್, ಬಿಪಿಎಲ್ ಕಾರ್ಡ್ ಇದ್ದವ್ರಿಗೆ ಅದೂ ಬ್ಯಾಡ. ಕರ್ನಾಟಕದ ನಿಯಮದಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದೊಳಗ. ಅದಕ್ಕ ಕಥಿ ಬರೀಬ್ಯಾಡ್ರಿ, "ಯಾಕೆ ಮಾಡಿಲ್ಲ" ಅಂತ ಕೇಳಬ್ಯಾಡ್ರಿ, ಯಾಕೆಗೆ ಉತ್ತರ ಬರಂಗಿಲ್ಲ. ಕಾಗದ ಕೇಳ್ರಿ: ಇಂಥ ಸಾಲಿಯ ಮಂಜೂರಾದ ಹುದ್ದೆಗಳ ಪಟ್ಟಿ, ಇಂಥ ತಾರೀಖಿನಿಂದ ಇಂಥ ತಾರೀಖಿನ ತನಕ ನಿಯೋಜನೆ ಆದೇಶಗಳ ಪ್ರತಿ, ಅಷ್ಟೇ. 30 ದಿನ ಕಾಯ್ರಿ, ಬರಲಿಲ್ಲಾಂದ್ರ ಮುಂದಿನ 30 ದಿನದೊಳಗ ಮೊದಲ ಮೇಲ್ಮನವಿ, ಅದೂ ಆಗಲಿಲ್ಲಾಂದ್ರ ಮಾಹಿತಿ ಆಯೋಗದ ಪೀಠ ಕಲಬುರಗಿಯಾಗೇ ಅದ, ಬೆಂಗಳೂರಿಗೆ ರೈಲು ಹತ್ತೋ ಜರೂರತ್ತಿಲ್ಲ. ನಮಗ ಆದೇಶದ ಪ್ರತಿ ಬರೋ ಹೊತ್ತಿಗೆ ಮಾಸ್ತರೇ ಬಂದು ಹಾಜರಾಗಿದ್ರು, ಅರ್ಜಿ ಕೊಟ್ಟ ನಾಲ್ಕನೇ ತಿಂಗಳಿಗೆ. ನನ್ನ ಮ್ಯಾಲ ಸಿಟ್ಟಾಗಿರ್ತಾರಂತ ನಾ ಅಂಜಿಕೋತ ಹೋದೆ, ಅವ್ರು ಚಾ ಕುಡಿಸಿ "ಅಲ್ಲಿ ಡಾಟಾ ಎಂಟ್ರಿ ಮಾಡಿ ಮಾಡಿ ಸಾಕಾಗಿತ್ರಿ, ಪಾಠ ಮಾಡೋದೇ ಮರೆತಂಗಾಗಿತ್ತು" ಅಂದ್ರು.

ಕಾಯಂ ಮಾಸ್ತರ್ ಯಾವಾಗ ಬರ್ತಾರ ಅನ್ನೋದು ನಿಮ್ಮ ನನ್ನ ಕೈಯಾಗಿಲ್ಲ. ನಮ್ಮ ಭಾಗಕ್ಕ ವಿಶೇಷ ಮೀಸಲಾತಿ ಕೊಡೋ ಸಂವಿಧಾನದ 371ಜೆ ಬಂದು ಹತ್ತು ವರ್ಷದ ಮ್ಯಾಲ ಆತು, 2022ರಾಗ 15,000 ಪದವೀಧರ ಶಿಕ್ಷಕರ ಹುದ್ದೆ ಕರೆದಾಗ ಅದರಾಗ 5,000 ನಮ್ಮ ಕಲ್ಯಾಣ ಕರ್ನಾಟಕಕ್ಕಂತ ಇಟ್ಟಿದ್ರು, ಆದ್ರೂ ಆಯ್ಕೆ, ಕೋರ್ಟು, ಕೌನ್ಸೆಲಿಂಗ್ ಅಂತ ಹೊತ್ತು ಹೋಗ್ತದ. ಅಲ್ಲಿ ತನಕ ಅತಿಥಿ ಶಿಕ್ಷಕರೇ ಗತಿ. ಜೂನಿನಾಗೇ ಅರ್ಜಿ ಕರ್ಸ್ರಿ, ಊರಾಗಿನ ಬಿಎಡ್-ಡಿಎಡ್ ಹುಡುಗ್ರಿಗೆ ಸುದ್ದಿ ಮುಟ್ಟಿಸ್ರಿ, ಯಾರದೋ ಸಾಹುಕಾರ್ರ ಅಳಿಯ ಅಂತ ನೋಡಬ್ಯಾಡ್ರಿ, ಮಾರ್ಕ್ಸ್ ನೋಡ್ರಿ. ಅವ್ರ ಗೌರವಧನ ತಿಂಗಳಾನುಗಟ್ಲೆ ತಡ ಆಗ್ತದ, ಅದನ್ನೂ ನಡಾವಳಿಯಾಗ ಬರ್ಸ್ರಿ, ಪಗಾರಿಲ್ಲದ ಮಾಸ್ತರ್ ಎಷ್ಟು ದಿನ ಪೆಟ್ರೋಲ್ ಹಾಕ್ಕೊಂಡು ಬಂದಾರು.

ರೊಕ್ಕದ ಮಾತು. ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೆಯಿಂದ ಸಾಲಿಗೆ ವರ್ಷಕ್ಕ ಅನುದಾನ ಬರ್ತದ, ಮಕ್ಕಳ ಸಂಖ್ಯೆ ಮ್ಯಾಲ: 100ರ ತನಕ ಇದ್ರ 25,000, 100 ದಾಟಿ 250ರ ತನಕ 50,000, ಅದರ ಮ್ಯಾಲ 1,000ರ ತನಕ 75,000, ಭಾಳ ಸಣ್ಣ ಸಾಲಿಗೆ ಕಡಿಮಿ. ಹತ್ತನೇ ಒಂದು ಪಾಲು ಸ್ವಚ್ಛತಾಕ್ಕ ಖರ್ಚ ಮಾಡ್ಬೇಕು. ಪಾಸ್‌ಬುಕ್ ಪ್ರತಿ ತಿಂಗಳು ಎಂಟ್ರಿ ಮಾಡ್ಸಿ ಸಭಿಯಾಗ ಇಡ್ರಿ. ಬಿಲ್ ಇಲ್ಲದ ಚೆಕ್ಕಿಗೆ ಸಹಿ ಮಾಡಬ್ಯಾಡ್ರಿ, ಖಾಲಿ ಚೆಕ್ಕಿಗಂತೂ ದೇವರಾಣಿ ಮಾಡಬ್ಯಾಡ್ರಿ, ಹೆಡ್ ಮಾಸ್ತರ್ ಎಷ್ಟೇ ಚಲೋ ಮನುಷ್ಯಾ ಇರ್ಲಿ, ನಾಳೆ ಅವ್ರು ವರ್ಗ ಆಗಿ ಹೋಗ್ತಾರ, ನೀವು ಅದೇ ಊರಾಗ ಇರ್ತೀರಿ. ಕರೆಂಟ್ ಬಿಲ್ಲಿಗೆ ಈ ರೊಕ್ಕ ಹೋಗ್ತಿದ್ರ ಕೇಳ್ರಿ, ಸರ್ಕಾರಿ ಸಾಲಿಗೆ ಕರೆಂಟು-ನೀರು ಫ್ರೀ ಅಂತ ಮುಖ್ಯಮಂತ್ರಿ 2023ರ ನವೆಂಬರ್ 1ಕ್ಕೇ ಹೇಳ್ಯಾರ.

ಕೋಣಿ, ಪಾಯಖಾನಿ, ಕಂಪೌಂಡ್ ಇಂಥ ದೊಡ್ಡ ಕೆಲಸಕ್ಕ 50,000 ಎಲ್ಲಿಗಾಗ್ತದ. ಅದಕ್ಕ ಕಾಯ್ದೆ 22ನೇ ಸೆಕ್ಷನ್ ಹಿಡೀರಿ, ಶಾಲಾ ಅಭಿವೃದ್ಧಿ ಯೋಜನೆ. ಮೂರು ವರ್ಷದ್ದು ಪ್ಲಾನ್, ಆರ್ಥಿಕ ವರ್ಷ ಮುಗಿಯೋಕ್ಕಿಂತ ಮೂರು ತಿಂಗಳು ಮೊದ್ಲು ತಯಾರಿರ್ಬೇಕು, ಅಂದ್ರ ಡಿಸೆಂಬರ್. ನಮ್ಮ ಲೆಕ್ಕದಾಗ ಎಳ್ಳಮಾಸಿಗೆ ಹೊಲಕ್ಕ ಚರಗಾ ಚೆಲ್ಲಾಕ ಹೋಗೋದ್ರೊಳಗ ಪ್ಲಾನ್ ಬರ್ದು ಮುಗಿಸಿರ್ಬೇಕು. ಮಾಸ್ತರಿಗೊಂದು ಕೋಣಿ, ಗಂಡು-ಹೆಣ್ಣು ಮಕ್ಕಳಿಗೆ ಬ್ಯಾರೆ ಬ್ಯಾರೆ ಪಾಯಖಾನಿ, ಕುಡಿಯೋ ನೀರು, ಅಡುಗಿ ಕೋಣಿ, ಆಟದ ಬಯಲು, ಬೇಲಿ ಇಲ್ಲಾ ಕಂಪೌಂಡ್, ಕುಂಟ ಮಕ್ಕಳಿಗೂ ಒಳಗ ಹೋಗ್ಲಿಕ್ಕೆ ರ‍್ಯಾಂಪ್, ಇವೆಲ್ಲ ಅನುಸೂಚಿಯಾಗೇ ಅವ, ಒಂದೊಂದೇ ಟಿಕ್ ಹಾಕ್ಕೋತ ಹೋಗ್ರಿ, ಇಲ್ಲದ್ದು ಪ್ಲಾನಿಗೆ. ಪಾಯಖಾನಿ ಇದ್ರೂ ನೀರಿಲ್ಲಾಂದ್ರ "ಇಲ್ಲ" ಅಂತೇ ಬರೀರಿ. ಆ ಪ್ಲಾನಿನ ಒಂದು ಪ್ರತಿ ಗ್ರಾಮ ಪಂಚಾಯ್ತಿಗೆ, ಒಂದು ಬಿಇಒಗೆ, ಒಂದು ನಿಮ್ಮ ಎಮ್ಮೆಲ್ಲೆ ಆಫೀಸಿಗೆ. ಎಮ್ಮೆಲ್ಲೆಗೆ ಯಾಕಂದ್ರ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ರೊಕ್ಕದ ಕ್ರಿಯಾ ಯೋಜನೆ ಅವ್ರ ಕೈಯಾಗ ಹಾದು ಹೋಗ್ತದ, ಮಂಡಳಿ ಅಕ್ಷರ ಆವಿಷ್ಕಾರ ಅಂತ ಹೆಸರಿಟ್ಟು ಶಿಕ್ಷಣಕ್ಕ ಒಂದು ಪಾಲು ಎತ್ತಿಟ್ಟದ. ಲಿಸ್ಟ್ ಮಾಡೋ ಹೊತ್ತಿನಾಗ ಯಾರ ಕಾಗದ ಟೇಬಲ್ ಮ್ಯಾಲ ಇರ್ತದೋ ಅವ್ರ ಸಾಲಿ ಹೆಸರು ಬರ್ತದ. ನಮ್ಮದು ಎರಡನೇ ವರ್ಷ ಬಂತು, ಎರಡು ಕೋಣಿ. ಕಂಪೌಂಡ್ ಅದಕ್ಕೂ ಮೊದ್ಲೇ ಪಂಚಾಯ್ತಿಯಿಂದ ನರೇಗಾದಾಗ ಆಗಿತ್ತು.

ಗ್ರಾಮ ಪಂಚಾಯ್ತಿಯಾಗ ಇನ್ನೊಂದು ಉಪಾಯ ಅದ, ಮಕ್ಕಳ ಗ್ರಾಮಸಭೆ. ನವೆಂಬರ್ ಸುತ್ತ ನಡೀತದ, ಬಹಳ ಕಡಿ ಡ್ಯಾನ್ಸ್ ಮಾಡ್ಸಿ ಬಿಸ್ಕೀಟ್ ಕೊಟ್ಟು ಕಳಿಸ್ತಾರ. ಹುಡುಗ್ರಿಗೆ ಮೊದ್ಲೇ ಹೇಳಿ ಕೊಡ್ರಿ. ಆರನೇತ್ತದ ಹುಡುಗಿ ಒಬ್ಬಳು ಮೈಕ್ ಹಿಡ್ದು "ಪಿಡಿಒ ಸರ್, ನಾವು ಪಾಯಖಾನಿಗೆ ಜಾಲಿ ಗಿಡದ ಹಿಂದ ಹೋಗ್ತೀವಿ, ಅಲ್ಲಿ ಹಾವದ" ಅಂದ್ಳು. ಹದಿನೈದು ದಿನದಾಗ ನೀರಿನ ಪೈಪ್ ಬಂತು. ನಾ ಎರಡು ವರ್ಷ ಅರ್ಜಿ ಕೊಟ್ಟಿದ್ದೆ ಅದಕ್ಕ.

ಬಿಸಿಯೂಟ. ಈ ಅಕ್ಷರ ದಾಸೋಹ 2002ರಾಗ ರಾಜ್ಯದಾಗ ಮೊದ್ಲು ಚಾಲೂ ಆಗಿದ್ದೇ ನಮ್ಮ ಈಶಾನ್ಯ ಜಿಲ್ಲೆಗಳಾಗ, ತತ್ತಿ ಕೊಡೋದೂ 2021ರ ಡಿಸೆಂಬರಿನಾಗ ಮೊದ್ಲು ನಮ್ಮ ಕಡಿಗೇ ಬಂತು, ಮಕ್ಕಳು ಅಷ್ಟು ಬಡಕಲು ಅಂತ ಲೆಕ್ಕ ಸಿಕ್ಕಿದ್ದಕ್ಕ. ದಾಸೋಹ ಅನ್ನೋ ಶಬ್ದ ಶರಣಬಸವೇಶ್ವರರ ಊರಿನವ್ರಿಗೆ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ನೋಡ್ಬೇಕಾದ್ದು ಇಷ್ಟೇ: ತಾಯಂದಿರು ಪಾಳಿ ಹಚ್ಕೊಂಡು ವಾರದಾಗ ಒಂದು ದಿನ ಹೇಳದ ಕೇಳದ ಹೋಗಿ ಉಂಡು ಬರ್ರಿ. ಬ್ಯಾಳಿಯಾಗ ಬ್ಯಾಳಿ ಅದಾ ಇಲ್ಲಾ ಅರಿಶಿಣ ನೀರಾ ಅಂತ ಒಂದು ತುತ್ತಿಗೆ ಗೊತ್ತಾಗ್ತದ, ತೊಗರಿ ಬೆಳೆಯೋ ನಾಡಿನಾಗ ನಮಗ್ಯಾರು ಮೋಸ ಮಾಡ್ಲಿಕ್ಕೆ ಬರ್ತದ. ಬಡಿಸೋಕ್ಕಿಂತ ಮೊದ್ಲು ಮಾಸ್ತರೊಬ್ಬರು ರುಚಿ ನೋಡಿ ರಿಜಿಸ್ಟರಿನಾಗ ಬರೀಬೇಕು, ಅದನ್ನೂ ತೆಗ್ದು ನೋಡ್ರಿ. ಅಡುಗಿ ಮಾಡೋ ಅಕ್ಕಂದಿರ ಮ್ಯಾಲ ಮಾತ್ರ ಒಮ್ಮಿಗೇ ಹಾರಬ್ಯಾಡ್ರಿ, ಬಂದ ಸಾಮಾನೇ ಕಡಿಮಿ ಇದ್ರ ಅವ್ರು ಎಲ್ಲಿಂದ ಹಾಕ್ತಾರ, ಸ್ಟಾಕ್ ಬುಕ್ ನೋಡಿ ಮಾತಾಡ್ರಿ.

ನಮ್ಮ ಕಡಿ ಎಲ್ಲಕ್ಕಿಂತ ಕಷ್ಟದ್ದು ಗುಳೆ. ದೀಪಾವಳಿ ಮುಗೀತಂದ್ರ ತಾಂಡಾದ ಮಂದಿ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು ಅಂತ ಗಂಟು ಕಟ್ಟತಾರ, ಮಕ್ಕಳೂ ಜೋಡಿ ಹೋಗ್ತಾವ. ಯಾದಗಿರಿ ಕಡಿ ಹತ್ತಿ ಬಿಡಿಸ್ಲಿಕ್ಕೆ ಟಂಟಂನಾಗ ತುಂಬಿ ಒಯ್ತಾರ, ಆ ಗಾಡಿಯಾಗ ಸಾಲಿ ಯೂನಿಫಾರ್ಮ್ ಹಾಕ್ಕೊಂಡ ಹುಡುಗ್ಯಾರನ್ನ ನಾನೇ ಕಂಡೀನಿ. ಇದಕ್ಕ ಅರ್ಜಿ ಬರೆದ್ರ ಮುಗಿಯಂಗಿಲ್ಲ, ಹೊಟ್ಟಿ ಪ್ರಶ್ನಿ. ಆದ್ರೂ ಮಾಡೋದು ಅದ. ಅಕ್ಟೋಬರ್ ಸಭಿಯಾಗೇ ಯಾವ್ಯಾವ ಮನಿ ಹೊಂಟದಂತ ಲಿಸ್ಟ್ ಮಾಡ್ರಿ, ಆ ಮಕ್ಕಳನ್ನ ಇಟ್ಕೊಳ್ಳಿಕ್ಕೆ ಋತುಮಾನದ ವಸತಿ ಕೇಂದ್ರ ಬೇಕಂತ ಆಗಲೇ ಠರಾವು ಕಳ್ಸ್ರಿ, ಜನವರಿಯಾಗ ಕೇಳಿದ್ರ ಊರು ಖಾಲಿ ಆಗಿರ್ತದ. ಅಜ್ಜಿ ಹತ್ರ ಬಿಟ್ಟು ಹೋಗೋ ಮನಿ ಇದ್ರ ಆ ಅಜ್ಜಿಗೆ ಹೋಗಿ ಮಾತಾಡಿಸಿ ಬರ್ರಿ, ಇದು ಯಾವ ಕಾಯ್ದಿಯಾಗೂ ಇಲ್ಲ, ಕೆಲಸ ಮಾತ್ರ ಆಗ್ತದ. ಜೋಡಿ ಹೋಗೋ ಮಕ್ಕಳಿಗೆ ಟಿಸಿ ಕೇಳಿದ ಕೂಡ್ಲೇ ಕೊಡ್ಬೇಕು, ಟಿಸಿ ಇಲ್ಲಾಂತ ಅಲ್ಲಿನ ಸಾಲಿ ಸೇರಿಸ್ಕೊಳ್ಳೋದು ಬಿಡಂಗಿಲ್ಲ, ತಿರುಗಿ ಬಂದಾಗ ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸ್ಕೊಂಡು ಹಿಂದ ಬಿದ್ದದ್ದು ಬ್ಯಾರೆ ಕುಂದ್ರಿಸಿ ಹೇಳಿಕೊಡ್ಬೇಕು, ಕಾಯ್ದೆ 4 ಮತ್ತ 5ನೇ ಸೆಕ್ಷನ್. ಹತ್ತಿ ಹೊಲಕ್ಕ ಮಕ್ಕಳನ್ನ ಒಯ್ಯೋ ಟಂಟಂ ಕಂಡ್ರ ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಹಚ್ಚಬಹುದು, ನಿಮ್ಮ ಹೆಸರು ಹೊರಗ ಹೇಳಂಗಿಲ್ಲ.

ಗುಳೆಕೂ ಮಾಸ್ತರ ಸಂಖ್ಯೆಕೂ ಸಂಬಂಧ ಅದ ನೋಡ್ರಿ. ಮಕ್ಕಳು ಕಡಿಮಿ ಆದ್ರ ಮಾಸ್ತರ್ "ಹೆಚ್ಚುವರಿ" ಆಗ್ತಾರ, ಬ್ಯಾರೆ ಸಾಲಿಗೆ ಎತ್ತಿ ಹಾಕ್ತಾರ, ಮಾಸ್ತರ್ ಕಡಿಮಿ ಆತಂತ ಉಳಿದ ಮಂದಿ ಮಕ್ಕಳನ್ನ ಕಾನ್ವೆಂಟ್ ವ್ಯಾನಿಗೆ ಹತ್ತಿಸ್ತಾರ, ಮತ್ತ ಕಡಿಮಿ. ಅದಕ್ಕ ಜೂನಿನ ದಾಖಲಾತಿ ಹೊತ್ತಿನಾಗ ಮನಿ ಮನಿ ತಿರುಗೋದು ಮಾಸ್ತರಿಗಷ್ಟೇ ಬಿಡಬ್ಯಾಡ್ರಿ. ನಿಮ್ಮ ಸ್ವಂತ ಮಗನ್ನ ಕಾನ್ವೆಂಟಿಗೆ ಹಾಕಿ ಊರವ್ರಿಗೆ ಸರ್ಕಾರಿ ಸಾಲಿ ಚಲೋ ಅಂತ ಹೇಳಿದ್ರ ಮಂದಿ ಮಾರಿ ಮ್ಯಾಲೇ ಅಂತಾರ.

ಈಗ ಹೊಸಾದು, ಕೆಪಿಎಸ್, ಕರ್ನಾಟಕ ಪಬ್ಲಿಕ್ ಸ್ಕೂಲ್. ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಕಂಪೌಂಡಿನಾಗ, ಇಂಗ್ಲಿಷ್ ಮೀಡಿಯಂ ಸೆಕ್ಷನ್ನೂ ಇರ್ತದ, ಸುತ್ತಲಿನ ಸಣ್ಣ ಸಾಲಿ ಮಕ್ಕಳನ್ನ ಅಲ್ಲಿಗೆ ಒಯ್ಯೋ ಮಾತು ನಡೆದದ. ಇದು ಚಲೋನೋ ಕೆಟ್ಟೋ ಅಂತ ಕೇಳಿದ್ರ ನನಗ ಎರಡೂ ಅನಸ್ತದ. ಕ್ಲಾಸಿಗೊಬ್ಬ ಮಾಸ್ತರ್, ಲ್ಯಾಬ್, ಆಟದ ಬಯಲು ಇರೋ ಸಾಲಿ ಯಾರಿಗೆ ಬ್ಯಾಡ. ಆದ್ರ ಏಳು ವರ್ಷದ ಹುಡುಗಿ ಹಳ್ಳ ದಾಟಿ ಬ್ಯಾರೆ ಊರಿಗೆ ಹೋಗ್ಬೇಕಂದ್ರ ಮಳಿಗಾಲದಾಗ ಆಕಿ ಮನ್ಯಾಗೇ ಉಳೀತಾಳ. ಒಂದರಿಂದ ಐದಕ್ಕ ಒಂದು ಕಿಲೋಮೀಟರ್, ಆರರಿಂದ ಎಂಟಕ್ಕ ಮೂರು ಕಿಲೋಮೀಟರ್ ಒಳಗ ಸಾಲಿ ಇರ್ಬೇಕಂತ ನಿಯಮ ಅದ. ನಿಮ್ಮ ಸಾಲಿ ವಿಲೀನದ ಸುದ್ದಿ ಬಂದ್ರ ರಸ್ತಾ ಬಂದ್ ಮಾಡೋಕ್ಕಿಂತ ಮೊದ್ಲು ಲಿಖಿತ ಆದೇಶ ಕೇಳ್ರಿ, ಬಸ್ ಯಾರು ಕೊಡ್ತಾರ, ಎಷ್ಟು ವರ್ಷ ಕೊಡ್ತಾರ, ಹಳೇ ಕಟ್ಟಡ ಏನ್ ಮಾಡ್ತಾರ ಅಂತ ಮೂರು ಪ್ರಶ್ನಿ ಹಾಕಿ ಠರಾವು ಬರ್ಸ್ರಿ. ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟಿನಾಗ ರಾಜ್ಯ ಶಿಕ್ಷಣ ನೀತಿ ವರದಿ ಕೊಟ್ಟದ, ಐದನೇ ಕ್ಲಾಸಿನ ತನಕ ಕನ್ನಡ ಇಲ್ಲಾ ಮಾತೃಭಾಷೆಯಾಗೇ ಕಲಿಸ್ರಿ ಅಂತ ಹೇಳ್ತದ. ಒಂದು ಕೈಲೆ ಇದು, ಇನ್ನೊಂದು ಕೈಲೆ ಇಂಗ್ಲಿಷ್ ಮೀಡಿಯಂ ಸೆಕ್ಷನ್. ಮ್ಯಾಲಿನವ್ರು ಕೂಡಿ ಮಾತಾಡ್ಕೊಂಡು ಹೇಳ್ಲಿ, ನಮ್ಮ ಸಾಲಿಯಾಗ ಕನ್ನಡ ಓದಿಸ್ಲಿಕ್ಕೂ ಮಾಸ್ತರ್ ಬೇಕು, ಇಂಗ್ಲಿಷ್ ಓದಿಸ್ಲಿಕ್ಕೂ ಬೇಕು.

ಅರ್ಜಿ ಕೊಟ್ಟೂ ಏನೂ ಆಗಲಿಲ್ಲಾಂದ್ರ 1902ಕ್ಕ ಫೋನ್ ಮಾಡಿ ರಾಜ್ಯ ಸರ್ಕಾರದ ದೂರು ವ್ಯವಸ್ಥೆ ಜನಸ್ಪಂದನದಾಗ ದೂರು ಹಾಕ್ರಿ, ಅರ್ಜಿಯ ಇನ್ವರ್ಡ್ ನಂಬರ್ ಅವ್ರಿಗೂ ಹೇಳ್ರಿ. ಅದಾದ ಮ್ಯಾಲ ಕಲಬುರಗಿಯಾಗ ಅಪರ ಆಯುಕ್ತರ ಕಚೇರಿ ಅದ, ನಮ್ಮ ಭಾಗದ ಸಾಲಿಗಳ ಮ್ಯಾಲಿನ ಆಫೀಸ್ ಅದೇ. ಬೇಸಿಗಿಯಾಗ ಹೋಗೋದಿದ್ರ ಮುಂಜಾನಿ ಹೋಗ್ರಿ, ಏಪ್ರಿಲ್-ಮೇದಾಗ ನಮ್ಮ ಕಡಿ ಆಫೀಸು ಮುಂಜಾನಿ ಎಂಟಕ್ಕ ತೆಗ್ದು ಮಧ್ಯಾಹ್ನ ಒಂದೂವರಿಗೆ ಮುಚ್ಚತಾವ. ಒಬ್ಬರೇ ಹೋಗಬ್ಯಾಡ್ರಿ, ನಾಲ್ಕು ಮಂದಿ ಹೋಗ್ರಿ, ಅದರಾಗ ಇಬ್ಬರು ಹೆಣ್ಮಕ್ಕಳಿರ್ಲಿ. ಮತ್ತ ಮಾಸ್ತರಿಗೆ ಹೊಡಿಯೋದು, ಸಾಲಿಗೆ ಕೀಲಿ ಹಾಕೋದು ಬ್ಯಾಡ. ನಮ್ಮ ಬಾಜೂ ಊರಾಗ ಒಮ್ಮೆ ಕೀಲಿ ಹಾಕಿದ್ರು, ಎಂಟು ದಿನ ಸಾಲಿ ಬಂದ್ ಆಗಿ ಮಕ್ಕಳ ಬಿಸಿಯೂಟ ಹೋತು, ಎರಡು ಕೇಸ್ ಬಿದ್ವು, ಮಾಸ್ತರ್ ಬರಲಿಲ್ಲ.

ಹೋದ ಜೂನಿಗೆ ನನ್ನ ಮಗ ಏಳು ಮುಗಿಸಿ ಹೈಸ್ಕೂಲಿಗೆ ಹೋದ, ಮಗ ಸಾಲಿ ಬಿಟ್ರ ನಮ್ಮ ಮೆಂಬರಕಿನೂ ಹೋಗ್ತದ. ಹೊಸ ಅಧ್ಯಕ್ಷಿ ನಮ್ಮ ತಾಂಡಾದಾಕಿನೇ. ಆಕಿ ಕೈಯಾಗ ಫೈಲ್ ಕೊಟ್ಟೆ: ಅನುಸೂಚಿಯ ಜೆರಾಕ್ಸ್, ಮೂರು ವರ್ಷದ ನಡಾವಳಿ ಫೋಟೋ ಪ್ರಿಂಟ್, ಸೀಲ್ ಇದ್ದ ಅರ್ಜಿ ಪ್ರತಿ ಹದಿನಾಲ್ಕು, ರಿಜಿಸ್ಟರ್ ಪೋಸ್ಟಿನ ಚೀಟಿ, ಪಾಸ್‌ಬುಕ್ ನಕಲು, ಇನ್ನೂ ಖಾಲಿ ಇರೋ ಒಂದು ಹುದ್ದೆಯ ಅರ್ಜಿ ಅರ್ಧ ಬರೆದದ್ದು. ಆಕಿ ಎಲ್ಲಾ ತಿರುವಿ ನೋಡಿ "ಅಣ್ಣಾ, ಸ್ಟಾಂಪ್ ಪ್ಯಾಡ್ ಒಣಗ್ಯಾದ, ಸೋಮವಾರ ಸಭಿಗೆ ಹೊಸಾದು ತರ್ಸು, ಹೆಬ್ಬಟ್ಟಿನವ್ರು ಆರು ಮಂದಿ ಇದ್ದೀವಿ" ಅಂದ್ಳು.